ನಾಣ್ಯ ನುಂಗುವ ಪೆಟ್ಟಿಗೆಯ ಹಿಂಬಾಗಿಲು

ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಚೀಲಕ್ಕೆ ಕೈ ಹಾಕದೆ ಯಾರೂ ಬೆಲೆ ಹೇಳುವುದಿಲ್ಲ. ರಾಶಿಯೋ, ಬೆಟ್ಟೆಯೋ, ಕೆಂಪುಗೋಟೋ, ಮೊದಲು ಒಂದು ಹಿಡಿ ಹೊರಗೆ ಬರಬೇಕು. ಅಂಗೈಯಲ್ಲಿ ಹೊರಳಬೇಕು. ಅನುಮಾನ ಬಂದರೆ ಒಂದೆರಡು ಅಡಿಕೆ ಅಡಕತ್ತರಿಗೆ ಸಿಕ್ಕಿ ಒಳಗಿನ ಬಣ್ಣ ತೋರಿಸಬೇಕು. ಮಾರುವವನು ನೋಡುವುದೂ ಕೊಳ್ಳುವವನು ನೋಡುವುದೂ ಅದೇ ಅಡಿಕೆ. ಇಬ್ಬರಲ್ಲಿ ಒಬ್ಬನ ಅನುಭವ ಹೆಚ್ಚಿರಬಹುದು, ಇನ್ನೊಬ್ಬನದು ಕಡಿಮೆಯಿರಬಹುದು. ಆದರೆ ಸರಕು ಮಾತ್ರ ಇಬ್ಬರ ಕಣ್ಣೆದುರಿಗೂ ಬಿದ್ದಿರುತ್ತದೆ.

ವಿದ್ಯಾರ್ಥಿ ಮಿತ್ರರೆ, ನಾಣ್ಯ ಹಾಕಿ ಆಡುವ ಯಂತ್ರಗಳಿಗೂ ಒಂದು ಮಂಡಿ ಉಂಟು. ಅಲ್ಲಿಯೂ ಕೊಳ್ಳುವವರು ಒಳಗೆ ಕೈಹಾಕಿ ನೋಡಿಯೇ ಬೆಲೆ ಮಾತಾಡುತ್ತಾರೆ. ವ್ಯತ್ಯಾಸ ಇಷ್ಟೇ: ಅಲ್ಲಿ ಯಂತ್ರವನ್ನು ಕೊಳ್ಳುವವರು ಬೇರೆ, ಅದನ್ನು ಆಡುವವರು ಬೇರೆ. ಕೊಳ್ಳುವವನಿಗೆ ತೆರೆಯುವ ಬಾಗಿಲು ಆಡುವವನಿಗೆ ತೆರೆಯುವುದಿಲ್ಲ. ಈ ಸಣ್ಣ ವ್ಯತ್ಯಾಸಕ್ಕೆ ದೊಡ್ಡದೊಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಬೆಂಗಳೂರಿಗೂ ಒಂದು ಅಧ್ಯಾಯವಿದೆ.

ಮುಂಬಯಿಯ ಗೋರೆಗಾಂವ್‌ನಲ್ಲಿರುವ ಪ್ರದರ್ಶನ ಸಭಾಂಗಣದಲ್ಲಿ ಇಂಥ ವ್ಯಾಪಾರ ಮೇಳವೊಂದು ನಡೆಯುತ್ತದೆ. ನಡೆಸುವವರು ದೇಶದ ಅಮ್ಯೂಸ್‌ಮೆಂಟ್ ಪಾರ್ಕುಗಳ ಮತ್ತು ಆ ಉದ್ಯಮದವರ ಸಂಘ, ಐಎಎಪಿಐ. ಈ ಸಂಘ 1999ರಲ್ಲಿ ಹುಟ್ಟಿದ್ದು. ನೀರಿನ ಜಾರುಬಂಡೆಯಿಂದ ಹಿಡಿದು ಟಿಕೆಟ್ ಎಣಿಸುವ ಯಂತ್ರದವರೆಗೆ ಎಲ್ಲವೂ ಅಲ್ಲಿ ಮಾರಾಟಕ್ಕಿರುತ್ತವೆ. ಬರುವವರು ಪಾರ್ಕಿನ ಮಾಲೀಕರು, ಮಾಲ್‌ಗಳಲ್ಲಿ ಆಟದ ಅಂಗಡಿ ಇಟ್ಟವರು, ರೆಸಾರ್ಟ್ ಕಟ್ಟಿಸುತ್ತಿರುವವರು. ಮಕ್ಕಳು ವಿರಳ. ಜಾತ್ರೆಯಷ್ಟೇ ಗದ್ದಲ, ಜಾತ್ರೆಗಿಂತ ಹೆಚ್ಚು ದೀಪ. ಆದರೆ ಯಾರ ಮುಖದಲ್ಲಿಯೂ ಜಾತ್ರೆಗೆ ಬಂದ ಸಂಭ್ರಮವಿಲ್ಲ. ಎಲ್ಲರ ಕೈಯಲ್ಲಿಯೂ ಬೆಲೆಪಟ್ಟಿ.

ಕಾರ್ಯಕ್ರಮವೊಂದರ ಸಿದ್ಧತೆಗಾಗಿ ಹೋದ ನಾನು ಅಲ್ಲಿ ಒಂದಿಡೀ ದಿನ ಬಿಟ್ಟಿಯಾಗಿ ಆಡಿದೆ. ಅಲುಗಾಡುವ ಮೋಟಾರ್‌ಸೈಕಲ್ ಮೇಲೆ ಕುಳಿತು ಪರದೆಯ ಮೇಲಿನ ರಸ್ತೆಯಲ್ಲಿ ಓಡಿದೆ. ಬುಟ್ಟಿಗೆ ಚೆಂಡೆಸೆಯುವ ಯಂತ್ರದಲ್ಲಿ ಬೆವರು ಸುರಿಸಿದೆ. ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಸಿಕೊಂಡು ಇಲ್ಲದ ಕಂದಕದ ಅಂಚಿನಲ್ಲಿ ನಿಂತಾಗ, ಕೆಳಗಿರುವುದು ಕಾರ್ಪೆಟ್ಟು ಎಂದು ಬುದ್ಧಿಗೆ ಗೊತ್ತಿದ್ದರೂ ಮೊಣಕಾಲಿಗೆ ಗೊತ್ತಾಗಲಿಲ್ಲ. ನಮ್ಮ ಸಮತೋಲನದ ಪ್ರಜ್ಞೆಯಲ್ಲಿ ಒಳಗಿವಿಯಷ್ಟೇ ಕಣ್ಣಿಗೂ ಪಾಲಿದೆ ಎಂದು ಜೀವಶಾಸ್ತ್ರದಲ್ಲಿ ಓದಿದ್ದು ಅಲ್ಲಿ ಅರ್ಥವಾಯಿತು. ಇವೆಲ್ಲ ಹೊಸ ಯಂತ್ರಗಳು. ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡದ್ದು ಹಳೆಯ ಬಗೆಯದೊಂದು ಯಂತ್ರ: ಗಾಜಿನ ಪೆಟ್ಟಿಗೆ, ಒಳಗೆ ಗೊಂಬೆಗಳ ರಾಶಿ, ಮೇಲಿನಿಂದ ಇಳಿದು ಗೊಂಬೆಯನ್ನು ಎತ್ತುವ ಮೂರು ಬೆರಳಿನ ಉಕ್ಕಿನ ಪಂಜ. ಮಾಲುಗಳಲ್ಲಿ ನೀವೂ ನೋಡಿರುತ್ತೀರಿ.

ಮೂರು ಸಲ ಆಡಿದೆ. ಮೂರು ಸಲವೂ ಪಂಜ ಗೊಂಬೆಯನ್ನು ಹಿಡಿಯಿತು, ಗೇಣುದ್ದ ಎತ್ತಿತು, ಕೈಬಿಟ್ಟಿತು. ಮಳಿಗೆಯ ಪ್ರತಿನಿಧಿ ನಕ್ಕು, ಕೀಲಿಕೈ ತೆಗೆದು ಹಿಂಬಾಗಿಲನ್ನು ತೆರೆದ. ಒಳಗೊಂದು ಸಣ್ಣ ಪರದೆ, ನಾಲ್ಕು ಗುಂಡಿ. ಒಂದೆರಡು ಅಂಕಿ ಬದಲಾಯಿಸಿ ಈಗ ಆಡಿ ಎಂದ. ಅದೇ ಪಂಜ, ಅದೇ ಗೊಂಬೆ, ನನ್ನದು ಅದೇ ಕೈ. ಈ ಬಾರಿ ಗೊಂಬೆ ಹದ್ದಿಗೆ ಸಿಕ್ಕಿದ ಮರಿಕೋಳಿಯಂತೆ ನೆಟ್ಟಗೆ ಹೊರಬಂತು. ಆತ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವ ಅಗತ್ಯವೂ ಇರಲಿಲ್ಲ. ನಾನು ಕೊಳ್ಳಲು ಬಂದವನೆಂದು ತಿಳಿದಿದ್ದ.

ಒಳಗಿನ ವಿಜ್ಞಾನ ಸರಳ. ಪಂಜದ ಬೆರಳುಗಳನ್ನು ಮುಚ್ಚುವುದು ತಂತಿಸುರುಳಿಯ ಒಂದು ವಿದ್ಯುತ್ಕಾಂತ. ಸುರುಳಿಗೆ ಕೊಡುವ ವಿದ್ಯುತ್ತನ್ನು ಹೆಚ್ಚಿಸಿದರೆ ಹಿಡಿತ ಬಿಗಿ, ಇಳಿಸಿದರೆ ಸಡಿಲ. ಹಿಡಿಯುವಾಗ ಬಿಗಿಯಾಗಿದ್ದು, ಮೇಲಕ್ಕೆತ್ತಿದ ನಂತರ ಸಡಿಲವಾಗುವಂತೆಯೂ ಮಾಡಬಹುದು. ಎಷ್ಟು ಆಟಕ್ಕೊಮ್ಮೆ ಪೂರ್ತಿ ಬಿಗಿ ಕೊಡಬೇಕೆಂಬುದನ್ನು ಮಾಲೀಕ ಅಂಕಿಯಲ್ಲಿ ಹೇಳಿಬಿಟ್ಟರೆ ಸಾಕು. ಲೆಕ್ಕ ಹೀಗೆ: ಒಂದು ಆಟಕ್ಕೆ 50 ರೂಪಾಯಿ, ಗೊಂಬೆಯ ಬೆಲೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಬಂದ ಹಣದಲ್ಲಿ ನೂರಕ್ಕೆ 30ರಷ್ಟು ಮಾತ್ರ ಗೊಂಬೆಗೆ ಹೋಗಬೇಕೆಂಬುದು ಮಾಲೀಕನ ಇಚ್ಛೆಯಾದರೆ, ಒಂದು ಗೊಂಬೆ ಹೊರಬೀಳುವಷ್ಟರಲ್ಲಿ ಸಾವಿರ ರೂಪಾಯಿ ಒಳಬಿದ್ದಿರಬೇಕು. ಅಂದರೆ 20 ಆಟಕ್ಕೊಂದು ಬಿಗಿ ಹಿಡಿತ. ಉಳಿದ 19 ಮಂದಿ ಎಷ್ಟೇ ಚೆನ್ನಾಗಿ ಗುರಿಯಿಟ್ಟರೂ ಅಷ್ಟಕ್ಕಷ್ಟೆ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ದಾಳಕ್ಕೆ ನೆನಪಿಲ್ಲ. ಹತ್ತು ಬಾರಿ ಆರು ಬೀಳದಿದ್ದರೂ ಹನ್ನೊಂದನೆಯ ಬಾರಿ ಆರು ಬೀಳುವ ಸಂಭವನೀಯತೆ ಆರರಲ್ಲಿ ಒಂದೇ. ಎಣಿಸಿಕೊಳ್ಳುವ ಯಂತ್ರಕ್ಕೆ ನೆನಪಿದೆ. ಎಷ್ಟು ಮಂದಿ ಸೋತು ಹೋದರೆಂಬುದು ಅದಕ್ಕೆ ಗೊತ್ತು, ಮುಂದೆ ನಿಂತ ಹುಡುಗನಿಗೆ ಗೊತ್ತಿಲ್ಲ. ಇದನ್ನು ಜಾಣ್ಮೆಯ ಆಟ ಎನ್ನೋಣವೆ? ಅದೃಷ್ಟದ ಆಟ ಎನ್ನೋಣವೆ? ಗುರಿಯಿಡಲು ಬಾರದವನಿಗೆ ಬಿಗಿ ಹಿಡಿತ ಸಿಕ್ಕರೂ ಗೊಂಬೆ ಬರುವುದಿಲ್ಲ. ಆದ್ದರಿಂದ ಜಾಣ್ಮೆ ಇಲ್ಲವೆನ್ನಲಾಗದು. ಗುರಿಕಾರನಿಗೆ ಸಡಿಲ ಹಿಡಿತ ಸಿಕ್ಕರೂ ಬರುವುದಿಲ್ಲ. ಅದಕ್ಕೆ ಅದೃಷ್ಟವೆಂಬ ಹೆಸರೂ ಸಲ್ಲದು, ಏಕೆಂದರೆ ಅದನ್ನು ಒಬ್ಬರು ಕುಳಿತು ನಿಗದಿ ಮಾಡಿದ್ದಾರೆ. ನನ್ನ ಮಟ್ಟಿಗೆ ಇದು ಮೂರನೆಯದೇ ಒಂದು ಜಾತಿ. ನಮ್ಮ ಕಾನೂನುಗಳು ಬಹುಕಾಲ ಮೊದಲಿನ ಎರಡೇ ಜಾತಿಗಳನ್ನು ಇಟ್ಟುಕೊಂಡು ಹೆಣಗಿವೆ.

ನಾಣ್ಯ ಹಾಕಿದರೆ ಕೆಲಸ ಮಾಡುವ ಯಂತ್ರ ಆಟಕ್ಕಿಂತ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಗ್ರೀಕ್ ವಿದ್ವಾಂಸ, ದೇವಾಲಯದಲ್ಲಿ ತೀರ್ಥದಂತೆ ನೀರು ಕೊಡುವ ಯಂತ್ರವೊಂದನ್ನು ವಿವರಿಸಿದ್ದಾನೆ. ಮೇಲಿನ ಸೀಳಿನಿಂದ ಬಿದ್ದ ನಾಣ್ಯ ಸನ್ನೆಕೋಲಿನ ತುದಿಯ ತಟ್ಟೆಯ ಮೇಲೆ ಕೂರುತ್ತದೆ. ಅದರ ಭಾರಕ್ಕೆ ಆ ತುದಿ ಬಾಗಿ, ಇನ್ನೊಂದು ತುದಿ ಎದ್ದು ನೀರಿನ ಮುಚ್ಚಳವನ್ನು ತೆರೆಯುತ್ತದೆ. ಬಾಗಿದ ತಟ್ಟೆಯಿಂದ ನಾಣ್ಯ ಜಾರಿ ಬಿದ್ದೊಡನೆ ಮುಚ್ಚಳ ಮತ್ತೆ ಮುಚ್ಚುತ್ತದೆ. ಎಲ್ಲರ ನಾಣ್ಯಕ್ಕೂ ಒಂದೇ ಅಳತೆಯ ನೀರು. ಯಂತ್ರಕ್ಕೆ ನೆನಪಿಲ್ಲ, ಪಕ್ಷಪಾತವಿಲ್ಲ.

ನಮ್ಮ ನಾಡಿನ ದೊಡ್ಡ ರೈಲು ನಿಲ್ದಾಣಗಳಲ್ಲಿ ಬಣ್ಣಬಣ್ಣದ ದೀಪ ಮಿನುಗಿಸುತ್ತ ನಿಂತಿರುತ್ತಿದ್ದ ತೂಕದ ಯಂತ್ರವನ್ನು ನಿಮ್ಮ ತಂದೆತಾಯಿಯರು ನೆನಪಿಸಿಕೊಳ್ಳಬಲ್ಲರು. ಮೇಲೆ ಹತ್ತಿ, ಚಕ್ರ ನಿಲ್ಲುವವರೆಗೆ ಕಾದು, ನಾಣ್ಯ ಹಾಕಿದರೆ ಠಕ್ಕೆಂದು ಒಂದು ರಟ್ಟಿನ ಚೀಟಿ. ಅದರಲ್ಲಿ ತೂಕ, ಜೊತೆಗೆ ಭವಿಷ್ಯ. ಒಂದೇ ಚೀಟಿಯ ಮೇಲೆ ಭೌತಶಾಸ್ತ್ರವೂ ಜ್ಯೋತಿಷ್ಯವೂ ಅಷ್ಟೊಂದು ಸ್ನೇಹದಿಂದ ಇದ್ದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ತೂಕ ಸುಳ್ಳಾಗಿದ್ದರೆ ಜನ ಜಗಳಕ್ಕೆ ನಿಲ್ಲುತ್ತಿದ್ದರು. ಭವಿಷ್ಯ ಸುಳ್ಳಾದರೆ ಯಾರೂ ಯಂತ್ರವನ್ನು ದೂರಲಿಲ್ಲ.

ಜಾತ್ರೆಗಳಲ್ಲಿ ಇದ್ದದ್ದು ಮತ್ತೊಂದು ಬಗೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೋ ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆಗೋ ಹೋದವರಿಗೆ ಬಲೂನು ಹೊಡೆಯುವ ಬಂದೂಕು, ಬಳೆ ಎಸೆಯುವ ಆಟ ಹೊಸತಲ್ಲ. ಬಂದೂಕಿನ ನಳಿಗೆ ಸ್ವಲ್ಪ ಸೊಟ್ಟಗಿರುತ್ತದೆ, ಬಳೆ ಸಾಮಾನಿಗಿಂತ ಕೂದಲೆಳೆಯಷ್ಟೇ ದೊಡ್ಡದಿರುತ್ತದೆ, ಅದೆಲ್ಲ ನಿಜವೇ. ಆದರೆ ನಾಲ್ಕು ಗುಂಡು ಹಾರಿಸಿದ ಜಾಣ ಹುಡುಗ ನಳಿಗೆ ಎಡಕ್ಕೆ ಎಳೆಯುತ್ತದೆಂದು ಕಂಡುಕೊಂಡು, ಐದನೆಯದನ್ನು ಬಲಕ್ಕೆ ಹಿಡಿದು ಹೊಡೆಯುತ್ತಾನೆ. ಮೋಸವೂ ಕಣ್ಣಿಗೆ ಕಾಣುವಂತಿದ್ದರೆ ಅದನ್ನು ಕಲಿಯಬಹುದು. ಐದನೆಯ ಗುಂಡಿನ ಹೊತ್ತಿಗೆ ಅಂಗಡಿಯವನು ಗುಟ್ಟಾಗಿ ನಳಿಗೆಯನ್ನು ಬಲಕ್ಕೆ ಬಗ್ಗಿಸಲಾರ.

ಈ ಜಗಳ ಯಂತ್ರದ ರೂಪದಲ್ಲಿ ಮೊದಲು ದೊಡ್ಡದಾದದ್ದು ಅಮೆರಿಕದಲ್ಲಿ, ಪಿನ್‌ಬಾಲ್ ಎಂಬ ಆಟದ ಸುತ್ತ. ಇಳಿಜಾರಾದ ಹಲಗೆ, ಅಲ್ಲಲ್ಲಿ ಮೊಳೆಗಳು, ಸ್ಪ್ರಿಂಗ್ ಎಳೆದು ಬಿಟ್ಟರೆ ಮೇಲಕ್ಕೆ ಚಿಮ್ಮಿ ಮೊಳೆಗಳಿಗೆ ಬಡಿಯುತ್ತ ಕೆಳಗಿಳಿಯುವ ಗೋಲಿ. ಸ್ಪ್ರಿಂಗಿನ ಈ ಏರ್ಪಾಟಿಗೆ 1871ರಲ್ಲೇ ಪೇಟೆಂಟ್ ದೊರೆತಿತ್ತು. 1931ರಲ್ಲಿ ಗಾಟ್ಲೀಬ್ ಕಂಪನಿಯ ಬ್ಯಾಫಲ್ ಬಾಲ್ ಬಂದಮೇಲೆ, ಆರ್ಥಿಕ ಕುಸಿತದ ಆ ದಿನಗಳಲ್ಲಿ, ಅಗ್ಗದ ಈ ಆಟ ಅಂಗಡಿ ಅಂಗಡಿಗೂ ಹರಡಿತು. ಚಿಕಾಗೋ ನಗರ ಇಂಥ ಯಂತ್ರಗಳ ಕಮ್ಮಟವಾಯಿತು. ಆಗ ಗೋಲಿಯನ್ನು ಒಮ್ಮೆ ಚಿಮ್ಮಿಸಿದ ಮೇಲೆ ಆಟಗಾರನಿಗೆ ಕೆಲಸವೇ ಇರಲಿಲ್ಲ, ಯಂತ್ರವನ್ನು ಸ್ವಲ್ಪ ಅಲುಗಾಡಿಸುವುದನ್ನು ಬಿಟ್ಟರೆ. ಇದು ಜೂಜೇ ಸರಿ ಎಂದು ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯ 1942ರ ಜನವರಿಯಲ್ಲಿ ನಿಷೇಧ ತಂದು, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದರು.

ನಂತರ ಆದದ್ದು ಕುತೂಹಲಕರ. 1947ರಲ್ಲಿ ಅದೇ ಗಾಟ್ಲೀಬ್ ಕಂಪನಿ ಹಂಪ್ಟಿ ಡಂಪ್ಟಿ ಎಂಬ ಯಂತ್ರದಲ್ಲಿ ಫ್ಲಿಪರ್ ಎಂಬ ಸಣ್ಣ ರೆಕ್ಕೆಗಳನ್ನು ಅಳವಡಿಸಿತು. ಗುಂಡಿ ಒತ್ತಿದರೆ ರೆಕ್ಕೆ ಬಡಿದು ಗೋಲಿಯನ್ನು ಮತ್ತೆ ಮೇಲಕ್ಕೆ ಹೊಡೆಯುತ್ತದೆ. ಆಟದ ಸ್ವಭಾವವೇ ಬದಲಾಯಿತು. ಕಾನೂನು ಮಾತ್ರ ಮೂರು ದಶಕ ಹಾಗೆಯೇ ಉಳಿಯಿತು. 1976ರಲ್ಲಿ ನಗರ ಸಭೆಯ ಮುಂದೆ ವಿಚಾರಣೆ ನಡೆದಾಗ ರೋಜರ್ ಶಾರ್ಪ್ ಎಂಬ ಪತ್ರಕರ್ತ ಯಂತ್ರವನ್ನು ಅಲ್ಲಿಗೇ ತರಿಸಿ ಆಡಿ ತೋರಿಸಿದರು. ತಂದ ಯಂತ್ರದಲ್ಲಿ ಏನೋ ಕೈಚಳಕವಿರಬಹುದೆಂದು ಸದಸ್ಯರೊಬ್ಬರಿಗೆ ಸಂಶಯ. ಕಾಯ್ದಿರಿಸಿದ್ದ ಎರಡನೆಯ ಯಂತ್ರದಲ್ಲೇ ಆಡಬೇಕಾಯಿತು. ಈಗ ಗೋಲಿಯನ್ನು ಮಧ್ಯದ ಓಣಿಗೆ ಇಳಿಸುತ್ತೇನೆಂದು ಮೊದಲೇ ಸಾರಿ ಶಾರ್ಪ್ ಸ್ಪ್ರಿಂಗ್ ಎಳೆದು ಬಿಟ್ಟರು. ಗೋಲಿ ಹೇಳಿದಲ್ಲಿಗೇ ಇಳಿಯಿತು. ನಿಷೇಧ ಹೋಯಿತು. ಒಂದು ಭವಿಷ್ಯವಾಣಿ, ಒಂದು ಪ್ರಯೋಗ, ಒಂದು ಫಲಿತಾಂಶ: ನಿಮ್ಮ ಪ್ರಯೋಗಾಲಯದಲ್ಲಿ ನಡೆಯುವುದೂ ಇದೇ ಅಲ್ಲವೆ? ಆದರೆ ಆ ಸದಸ್ಯರ ಸಂಶಯವನ್ನು ನಾನು ಹಗುರವಾಗಿ ಕಾಣಲಾರೆ. ಯಂತ್ರ ಯಾರದು, ಅದನ್ನು ತೆರೆದು ಹೊಂದಿಸಿದವರು ಯಾರು ಎಂಬುದು ಕೇಳಲೇಬೇಕಾದ ಪ್ರಶ್ನೆ.

ಅಷ್ಟರಲ್ಲಿ ಗೋಲಿಯ ಜಾಗಕ್ಕೆ ಬೆಳಕಿನ ಚುಕ್ಕೆ ಬಂದಾಗಿತ್ತು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯಕ್ಕೆ ಸಾರ್ವಜನಿಕರು ಭೇಟಿ ಕೊಡುವ ದಿನಕ್ಕೆಂದು ವಿಲಿಯಂ ಹಿಗಿನ್‌ಬಾಥಂ ಎಂಬ ಭೌತವಿಜ್ಞಾನಿ ಆಸಿಲೋಸ್ಕೋಪಿನ ಪರದೆಯ ಮೇಲೆ ಟೆನಿಸ್ ಆಟ ನಿರ್ಮಿಸಿದರು. ಕಾಲೇಜು ವಿದ್ಯಾರ್ಥಿಗಳು ಸಿ.ಆರ್.ಓ. ಎಂದು ಕರೆಯುವ ಉಪಕರಣವೇ ಅದು. ಜನ ಸಾಲುಗಟ್ಟಿ ನಿಂತು ಆಡಿದರು. ಅದಕ್ಕೆ ನಾಣ್ಯದ ಸೀಳು ಇರಲಿಲ್ಲ, ಆದ್ದರಿಂದಲೋ ಏನೋ ಕೆಲಕಾಲ ಎಲ್ಲರೂ ಅದನ್ನು ಮರೆತರು.

ಸೀಳು ಬಂದದ್ದು 1971ರಲ್ಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಚಿಕಾಗೋದಲ್ಲಿ ನಡೆದ ಸಂಗೀತ ಮತ್ತು ಆಟದ ಯಂತ್ರ ನಡೆಸುವವರ ವ್ಯಾಪಾರ ಮೇಳದಲ್ಲಿ ನೋಲನ್ ಬುಷ್‌ನೆಲ್ ಮತ್ತು ಟೆಡ್ ಡಾಬ್ನಿ ರೂಪಿಸಿದ ಕಂಪ್ಯೂಟರ್ ಸ್ಪೇಸ್ ಎಂಬ ಯಂತ್ರ ಪ್ರದರ್ಶನಕ್ಕಿತ್ತು. ಜೂಕ್‌ಬಾಕ್ಸು, ಪಿನ್‌ಬಾಲುಗಳ ನಡುವೆ ಪರದೆಯುಳ್ಳ ಈ ಪೆಟ್ಟಿಗೆಯನ್ನು ವ್ಯಾಪಾರಿಗಳು ಬೆರಗಿನಿಂದ ನೋಡಿದರು, ಕೊಳ್ಳಲು ಮಾತ್ರ ಹಿಂಜರಿದರು. ಆಟದ ನಿಯಮಗಳು ಓದಿ ಕಲಿಯಬೇಕಾದಷ್ಟು ಇದ್ದವು. ಮರುವರ್ಷ ಬುಷ್‌ನೆಲ್ಲರ ಹೊಸ ಕಂಪನಿ ಅಟಾರಿಗೆ ಅಲನ್ ಆಲ್ಕಾರ್ನ್ ಎಂಬ ಎಂಜಿನಿಯರ್ ಪಾಂಗ್ ಕಟ್ಟಿಕೊಟ್ಟರು. ಎರಡು ಗೆರೆ, ಒಂದು ಚುಕ್ಕೆ. ಚೆಂಡನ್ನು ಬಿಡಬೇಡ ಎನ್ನುವುದಕ್ಕಿಂತ ಹೆಚ್ಚಿನ ಸೂಚನೆ ಬೇಕಿರಲಿಲ್ಲ. ಕ್ಯಾಲಿಫೋರ್ನಿಯದ ಸನಿವೇಲ್ ಊರಿನ ಒಂದು ಮದ್ಯದಂಗಡಿಯಲ್ಲಿಟ್ಟ ಮೊದಲ ಯಂತ್ರ ಕೆಲವೇ ದಿನಗಳಲ್ಲಿ ಕೆಟ್ಟಿತೆಂದು ದೂರು ಬಂತು. ಆಲ್ಕಾರ್ನ್ ಹೋಗಿ ತೆರೆದು ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ. ನಾಣ್ಯಗಳು ತುಂಬಿ ಉಕ್ಕಿ ಕೆಲಸ ನಿಂತಿತ್ತು.

ಮುಂದಿನದು ಜಪಾನಿನ ಪಾಳಿ. 1978ರಲ್ಲಿ ಟೈಟೋ ಕಂಪನಿಯ ತೊಮೊಹಿರೊ ನಿಶಿಕಾಡೊ ಸ್ಪೇಸ್ ಇನ್‌ವೇಡರ್ಸ್ ಆಟವನ್ನು ಸೃಷ್ಟಿಸಿದರು. ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು ಆಕಾಶದಿಂದ ಮೆಲ್ಲಗೆ ಇಳಿಯುತ್ತಾರೆ. ಕೊಂದಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಇದು ಬೇಕೆಂದೇ ಇಟ್ಟ ತಂತ್ರವಾಗಿರಲಿಲ್ಲ. ಒಳಗಿದ್ದ ಇಂಟೆಲ್ 8080 ಪ್ರೊಸೆಸರು ಪರದೆಯ ಒಂದೊಂದು ಚಿತ್ರಕ್ಕೆ ಒಬ್ಬೊಬ್ಬ ಶತ್ರುವನ್ನು ಮಾತ್ರ ಸರಿಸುತ್ತಿತ್ತು. ಸೆಕೆಂಡಿಗೆ ಸುಮಾರು 60 ಚಿತ್ರ. 55 ಮಂದಿಯಿದ್ದಾಗ ಒಬ್ಬೊಬ್ಬನ ಸರದಿ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ, ಒಬ್ಬನೇ ಉಳಿದಾಗ ಪ್ರತಿ ಚಿತ್ರಕ್ಕೂ ಅವನದೇ ಸರದಿ. ಯಂತ್ರದ ಮಿತಿಯೇ ಆಟದ ರೋಚಕತೆಯಾಯಿತು. ನಿಶಿಕಾಡೊ ಅದನ್ನು ಹಾಗೆಯೇ ಬಿಟ್ಟರು. ಅಂಗಡಿಯವನಿಗೂ ಅದರಿಂದ ಲಾಭವೇ, ಏಕೆಂದರೆ ಎಂಥ ಪರಿಣತನ ಆಟವೂ ಒಂದಲ್ಲ ಒಂದು ಹೊತ್ತಿಗೆ ಮುಗಿಯಲೇಬೇಕು.

ನಾಣ್ಯದ ಆಟದ ಅರ್ಥಶಾಸ್ತ್ರ ಇರುವುದು ಇಲ್ಲಿ. ಸಿನಿಮಾ ಟಿಕೆಟಿಗೆ ಎರಡೂವರೆ ಗಂಟೆ ಖಚಿತ. ನಾಣ್ಯಕ್ಕೆ ಎಷ್ಟು ನಿಮಿಷ? ಅದು ಆಟಗಾರನ ಕೈಯಲ್ಲಿದೆ ಎಂದು ಪೆಟ್ಟಿಗೆಯ ಮುಂಭಾಗ ಹೇಳುತ್ತದೆ. ಹಿಂಭಾಗದಲ್ಲಿ ಡಿಪ್ ಸ್ವಿಚ್ ಎಂಬ ಕಡ್ಡಿಗಾತ್ರದ ಗುಂಡಿಗಳ ಸಾಲಿರುತ್ತದೆ. 1980ರ ಪ್ಯಾಕ್-ಮ್ಯಾನ್ ಯಂತ್ರದಲ್ಲಿ ಒಂದು ಆಟಕ್ಕೆ ಎಷ್ಟು ನಾಣ್ಯ, ಎಷ್ಟು ಜೀವ, ಹೆಚ್ಚುವರಿ ಜೀವ 10,000 ಅಂಕಕ್ಕೋ 15,000ಕ್ಕೋ 20,000ಕ್ಕೋ ಅಥವಾ ಇಲ್ಲವೇ ಇಲ್ಲವೋ, ಎಲ್ಲವನ್ನೂ ಮಾಲೀಕ ಆ ಗುಂಡಿಗಳಿಂದ ನಿರ್ಧರಿಸಬಹುದಿತ್ತು. ಆದರೂ ಆ ಆಟದಲ್ಲಿ ಒಂದು ಪ್ರಾಮಾಣಿಕತೆ ಇತ್ತೆನ್ನಬೇಕು. ಬೆನ್ನಟ್ಟುವ ನಾಲ್ಕು ಭೂತಗಳು ಲೆಕ್ಕಾಚಾರದಂತೆ ನಡೆಯುತ್ತಿದ್ದವು. ನೀವು ನಿನ್ನೆ ತಿರುಗಿದಲ್ಲೇ ಇಂದೂ ತಿರುಗಿದರೆ ಅವು ನಿನ್ನೆಯಂತೆಯೇ ಬರುತ್ತಿದ್ದವು. ಹುಡುಗರು ಅದನ್ನು ಕಂಡುಹಿಡಿದು ದಾರಿಗಳನ್ನು ಬಾಯಿಪಾಠ ಮಾಡಿಕೊಂಡರು, ಒಂದೇ ನಾಣ್ಯಕ್ಕೆ ಗಂಟೆಗಟ್ಟಲೆ ನಿಂತರು. 1982ರ ಮಿಸ್ ಪ್ಯಾಕ್-ಮ್ಯಾನ್ ಯಂತ್ರದಲ್ಲಿ ಭೂತಗಳ ನಡೆಗೆ ಸ್ವಲ್ಪ ಯಾದೃಚ್ಛಿಕತೆ ಬೆರೆಸಲಾಯಿತು. ಬಾಯಿಪಾಠ ಕೆಲಸಕ್ಕೆ ಬಾರದಾಯಿತು.

1985ರಲ್ಲಿ ಜಪಾನಿನ ಯಂತ್ರ ತಯಾರಕರ ಸಂಘ ಜಾಮಾ ಎಂಬ ಹೆಸರಿನ ಒಂದೇ ಬಗೆಯ ತಂತಿ ಜೋಡಣೆಯನ್ನು ಗೊತ್ತುಮಾಡಿತು. 56 ಸಂಪರ್ಕ ಬಿಂದುಗಳ ಒಂದು ಪಟ್ಟಿ. ಹಳೆಯ ಆಟದ ಬೋರ್ಡನ್ನು ಕಿತ್ತು ಹೊಸದನ್ನು ಚುಚ್ಚಿದರೆ ಅದೇ ಪೆಟ್ಟಿಗೆ ಹೊಸ ಯಂತ್ರ. ಬಡ ದೇಶಗಳ ಸಣ್ಣ ಅಂಗಡಿಗಳಿಗೆ ಇದರಿಂದ ಬಹಳ ಅನುಕೂಲವಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ದುರ್ಗದ ಒಂದು ಅಂಗಡಿಯಲ್ಲಿ ಇಂಥ ಎರಡು ಪೆಟ್ಟಿಗೆಗಳಿದ್ದವು. ಮನೆಯಲ್ಲಿ ಹೇಳದೆ ಹೋಗುತ್ತಿದ್ದ ಜಾಗ ಅದು. 1991ರ ಸ್ಟ್ರೀಟ್ ಫೈಟರ್ ಎಂಬ ಕಾಳಗದ ಆಟದ ಎರಡನೆಯ ಅವತಾರ ಅಲ್ಲಿಗೆ ಬಂದಾಗ ಆಡುವವರಿಗಿಂತ ಹಿಂದೆ ನಿಂತು ನೋಡುವವರೇ ಹೆಚ್ಚು. ಯಾವ ಗುಂಡಿಯ ನಂತರ ಯಾವ ಗುಂಡಿ ಎಂಬ ಗುಟ್ಟನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡವರಿದ್ದರು.

ಆದರೆ ಅದೇ ಕಾಲದಲ್ಲಿ ದೊಡ್ಡ ಊರುಗಳ ಕೆಲವು ಪಾರ್ಲರುಗಳಲ್ಲಿ ಪೆಟ್ಟಿಗೆಗಳೊಳಗೆ ಬೇರೆಯೇ ಬೋರ್ಡುಗಳು ಬಂದಿದ್ದವು: ಪೋಕರ್, ಕುದುರೆ ಜೂಜು, ಇಸ್ಪೀಟಿನ ನಾನಾ ರೂಪಗಳು. ಹೊರಗಿನಿಂದ ಎಲ್ಲವೂ ವಿಡಿಯೋ ಗೇಮ್‌ಗಳೇ.

ಜಾಣ್ಮೆ ಯಾವುದು, ಜೂಜು ಯಾವುದು ಎಂಬ ಪ್ರಶ್ನೆ ಬೆಂಗಳೂರಿನ ಹೆಸರಿನೊಡನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಅದೇ ಮೊದಲಲ್ಲ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ ಮುದ್ರಣವಾಗುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆಗಳನ್ನು ನಡೆಸಿ ಮುಂಬಯಿ ಪ್ರಾಂತ್ಯದಲ್ಲಿ ಬಹಳ ಜನಪ್ರಿಯವಾಗಿತ್ತು. ಪ್ರವೇಶ ಶುಲ್ಕ ಕಟ್ಟಿ, ಖಾಲಿ ಚೌಕ ತುಂಬಿ ಕಳಿಸಬೇಕು. ವ್ಯವಸ್ಥಾಪಕರ ಅಧಿಕೃತ ಉತ್ತರಕ್ಕೆ ಹೊಂದಿದರೆ ಬಹುಮಾನ. ಪದಬಂಧವೆಂದರೆ ಭಾಷಾಜ್ಞಾನವಲ್ಲವೆ ಎಂದು ಕೇಳಬಹುದು. ಎರಡು ಪದಗಳು ಸಮನಾಗಿ ಹೊಂದುವ ಕಡೆ ಯಾವುದು ಸರಿಯೆಂಬುದನ್ನು ವ್ಯವಸ್ಥಾಪಕರೇ ಮೊದಲೇ ನಿರ್ಧರಿಸಿದ್ದರೆ ಅಲ್ಲಿ ಭಾಷಾಜ್ಞಾನ ಏನು ಮಾಡೀತು? ಜೂಜಿನ ಸ್ವರೂಪದ ಸ್ಪರ್ಧೆಯನ್ನು ಸಂವಿಧಾನ ರಕ್ಷಿಸುವ ವ್ಯಾಪಾರವೆಂದು ಪರಿಗಣಿಸಲಾಗದೆಂದು ನ್ಯಾಯಾಲಯ 1957ರಲ್ಲಿ ತೀರ್ಪಿತ್ತಿತು. ಮುಖ್ಯವಾಗಿ ಜಾಣ್ಮೆಯನ್ನೇ ಅವಲಂಬಿಸಿದ ಸ್ಪರ್ಧೆ ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲವೆಂದೂ ಹೇಳಿತು. 1968ರಲ್ಲಿ ರಮ್ಮಿ ಆಟದ ಬಗ್ಗೆ ಬಂದ ತೀರ್ಪು ಈ ದಾರಿಯಲ್ಲೇ ನಡೆದು, ಬಿದ್ದ ಎಲೆಗಳನ್ನು ನೆನಪಿಡಬೇಕಾದ ಆಟ ಪ್ರಧಾನವಾಗಿ ಜಾಣ್ಮೆಯದು ಎಂದಿತು.

ವಿಡಿಯೋ ಗೇಮ್‌ಗಳ ಸರದಿ 1995ರ ಏಪ್ರಿಲ್‌ನಲ್ಲಿ. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆ ಎಂದು ಅದನ್ನು ಕರೆಯುತ್ತಾರೆ. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಬೇಕೆಂಬ 1989ರ ಆದೇಶ ತಮ್ಮ ಯಂತ್ರಗಳಿಗೆ ಅನ್ವಯಿಸುವುದಿಲ್ಲ, ಇವು ಜಾಣ್ಮೆಯ ಆಟಗಳು ಎಂಬುದು ಪಾರ್ಲರ್ ನಡೆಸುವವರ ವಾದ. ನ್ಯಾಯಾಲಯ ಒಪ್ಪಲಿಲ್ಲ. ಸಂಪೂರ್ಣ ಜಾಣ್ಮೆಯದೇ ಆದ ಆಟ ಲೋಕದಲ್ಲಿಲ್ಲ. ಎಂಥ ಕೌಶಲದ ಆಟದಲ್ಲಿಯೂ ಅದೃಷ್ಟದ ಪಾಲು ಇದ್ದೇ ಇರುತ್ತದೆ. ಯಾವುದು ಹೆಚ್ಚೆಂಬುದನ್ನು ಒಂದೊಂದು ಆಟವನ್ನೂ ನೋಡಿಯೇ ತೀರ್ಮಾನಿಸಬೇಕು ಎಂದಿತು. ಅದಕ್ಕಿಂತ ಮುಖ್ಯವಾದ ಮಾತು ಮತ್ತೊಂದು. ಯಂತ್ರದ ಒಳಗನ್ನು ತಿದ್ದಿ ಆಟಗಾರನ ಗೆಲುವಿನ ಅವಕಾಶವನ್ನು ಕುಗ್ಗಿಸಬಹುದಾದ್ದರಿಂದ, ಇಂಥ ಸ್ಥಳಗಳಿಗೆ ಪರವಾನಗಿ, ಷರತ್ತು, ತಪಾಸಣೆ ಇರುವುದು ನ್ಯಾಯವೇ ಎಂದು ಅದು ಕಂಡಿತು. ನ್ಯೂಯಾರ್ಕಿನ ಸದಸ್ಯರ ಸಂಶಯ ಇಲ್ಲಿ ಕಾನೂನಿನ ಮಾತಾಯಿತು. ಆಟದ ಹೆಸರು ಕೇಳಿದರೆ ಸಾಲದು, ಹಿಂಬಾಗಿಲನ್ನೂ ನೋಡಬೇಕು.

ಅದೃಷ್ಟ ಬೆರೆತಿರುವುದೇ ತಪ್ಪೆಂದು ಯಾರೂ ತಿಳಿಯಬಾರದು. ನಮ್ಮ ಕಡೆ ಅಡಿಕೆ ಇನ್ನೂ ಮರದ ಮೇಲಿರುವಾಗಲೇ ತೋಟ ಸುತ್ತಿ, ಗೊನೆ ಎಣಿಸಿ, ಖೇಣಿ ಹಿಡಿಯುವವರಿದ್ದಾರೆ. ಮಳೆ ಹೆಚ್ಚಾಗಿ ಕೊಳೆರೋಗ ಬಂದರೆ ನಷ್ಟ, ದರ ಏರಿದರೆ ಲಾಭ. ಅದರಲ್ಲಿ ಅದೃಷ್ಟ ಬೇಕಾದಷ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿಯನ್ನು ಆಟಗಳಿಗೇ ಮೀಸಲಿಟ್ಟರು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಿಗೂ ಒಂದೊಂದೇ ಸಲ ನಡೆಸುವ ಸಮಸ್ಯೆಯನ್ನು ಬಿಡಿಸಿದ ಆ ದೊರೆಗೆ ಜಾಣ್ಮೆಯೂ ಪ್ರಿಯ, ದಾಳವೂ ಪ್ರಿಯ. ಚೌಕಾಬಾರದ ಕವಡೆ ಎಲ್ಲರೆದುರಿಗೇ ಬೀಳುತ್ತದೆ. ಶಂಕೆ ಬಂದರೆ ಕೈಗೆತ್ತಿಕೊಂಡು ನೋಡಬಹುದು. ಶಕುನಿಯ ದಾಳ ಇಂದಿಗೂ ಗಾದೆಯಾಗಿ ಉಳಿದಿರುವುದು ಅದು ದಾಳವೆಂಬ ಕಾರಣಕ್ಕಲ್ಲ, ಅದು ಯಾರ ಕೈಯದು ಎಂಬ ಕಾರಣಕ್ಕೆ.

ನಾಣ್ಯದ ಪೆಟ್ಟಿಗೆಗಳಿದ್ದ ಸಣ್ಣ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಮನೆಗೆ ಕಂಪ್ಯೂಟರು ಬಂತು, ಆಮೇಲೆ ಕೈಗೆ ಮೊಬೈಲು. ಮಾಲುಗಳಲ್ಲಿ ಉಳಿದ ಯಂತ್ರಗಳಲ್ಲಿ ನಾಣ್ಯದ ಸೀಳಿನ ಬದಲು ಕಾರ್ಡು ಉಜ್ಜುವ ಜಾಗ ಬಂದಿದೆ. ಇದೂ ಒಂದು ತಂತ್ರವೇ ಎಂದು ನನಗನ್ನಿಸುತ್ತದೆ. ನಾಣ್ಯ ಖಾಲಿಯಾದರೆ ಜೇಬಿಗೆ ತಿಳಿಯುತ್ತಿತ್ತು, ಕಾರ್ಡಿನ ಭಾರ ಇಳಿಯುವುದಿಲ್ಲ.

ಕಾನೂನೂ ಹಿಂದೆಯೇ ಓಡಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಪಣವಿಟ್ಟು ಆನ್‌ಲೈನ್‌ನಲ್ಲಿ ಆಡುವುದನ್ನು ಜಾಣ್ಮೆಯ ಆಟಗಳೂ ಸೇರಿದಂತೆ ನಿಷೇಧಿಸಿತು. ಜಾಣ್ಮೆಯ ಆಟವನ್ನು ಜೂಜಿನೊಡನೆ ಒಂದೇ ಗಾಣಕ್ಕೆ ಕಟ್ಟಿದ ಆ ಭಾಗವನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬೇರೆ ದಾರಿ ಹಿಡಿಯಿತು: ಜಾಣ್ಮೆಯೋ ಅದೃಷ್ಟವೋ ಎಂಬ ಹಳೆಯ ಪ್ರಶ್ನೆಯನ್ನೇ ಬದಿಗಿಟ್ಟು, ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧದ ವ್ಯಾಪ್ತಿಗೆ ತಂದಿತು, ಇ-ಸ್ಪೋರ್ಟ್ಸ್‌ಗೆ ಪ್ರತ್ಯೇಕ ಮನ್ನಣೆ ಕೊಟ್ಟಿತು.

ಹಣ ಗೆಲ್ಲುವ ಮಾತೇ ಇಲ್ಲದ ಆಟಗಳಲ್ಲಿಯೂ ಹಿಂಬಾಗಿಲು ಉಂಟು. ಮೊಬೈಲ್ ಆಟಗಳಲ್ಲಿ ಒಳಗೇನಿದೆಯೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳನ್ನು ನೀವು ಕಂಡಿರಬಹುದು. ಒಮ್ಮೆ ಹೊಸ ಪೋಷಾಕು, ಒಮ್ಮೆ ಆಯುಧ, ಹೆಚ್ಚಿನ ಸಲ ಈಗಾಗಲೇ ಇರುವ ವಸ್ತುವೇ. ಜಪಾನಿನಲ್ಲಿ ಇಂಥ ವಸ್ತುಗಳ ಪೂರ್ತಿ ಸೆಟ್ ಕೂಡಿಸಿದವರಿಗೆ ದೊಡ್ಡ ಬಹುಮಾನ ಎಂಬ ಪದ್ಧತಿಯಿತ್ತು. 2012ರಲ್ಲಿ ಅಲ್ಲಿನ ಗ್ರಾಹಕ ಇಲಾಖೆ ಅದಕ್ಕೆ ಆಕ್ಷೇಪ ಎತ್ತಿದಾಗ ಕಂಪನಿಗಳು ಕೈಬಿಟ್ಟವು. ಆಕ್ಷೇಪ ಏಕೆಂಬುದನ್ನು ಕಾಗದ ಪೆನ್ಸಿಲಿನಲ್ಲೇ ತಿಳಿಯಬಹುದು. ಆರು ವಸ್ತುಗಳ ಸೆಟ್, ಪ್ರತಿಯೊಂದೂ ಸಿಗುವ ಸಂಭವನೀಯತೆ ಸಮಾನ ಎಂದುಕೊಳ್ಳಿ. ಮೊದಲನೆಯ ಹೊಸ ವಸ್ತುವಿಗೆ ಒಂದು ಪೆಟ್ಟಿಗೆ ಸಾಕು. ಎರಡನೆಯದಕ್ಕೆ ಸರಾಸರಿ 1.2, ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 2, ಐದನೆಯದಕ್ಕೆ 3, ಆರನೆಯದೊಂದಕ್ಕೇ 6. ಒಟ್ಟು 14.7. ಐದು ಕೈಗೆ ಬಂದು ಒಂದೇ ಉಳಿದಿದೆ ಎಂದು ಹುಡುಗ ಹಿಗ್ಗುವ ಹೊತ್ತಿಗೆ, ಖರ್ಚಿನ ಐದರಲ್ಲಿ ಎರಡು ಪಾಲು ಇನ್ನೂ ಬಾಕಿಯಿರುತ್ತದೆ. ಅದೂ ಎಲ್ಲ ಆರೂ ಸಮಾನವಾಗಿದ್ದರೆ.

ಸಮಾನವಾಗಿವೆಯೆ ಎಂಬುದನ್ನು ಆಟಗಾರನಿಗೆ ಹೇಳಲೇಬೇಕೆಂದು ಚೀನಾ 2017ರ ಮೇ ತಿಂಗಳಿನಿಂದ ನಿಯಮ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಪಲ್ ಕಂಪನಿ ತನ್ನ ಮಳಿಗೆಯಲ್ಲಿ ಮಾರುವ ಆಟಗಳಿಗೂ ಇದನ್ನು ಕಡ್ಡಾಯಗೊಳಿಸಿತು. ಆ ಅಂಕಿಗಳ ಪುಟ ಇರುವುದು ಸಾಮಾನ್ಯವಾಗಿ ಕೊಳ್ಳುವ ಗುಂಡಿಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಪ್ರಶ್ನಾರ್ಥಕ ಚಿಹ್ನೆಯ ಹಿಂದೆ. ನಿಮ್ಮ ಆಟದಲ್ಲಿ ಹುಡುಕಿ ನೋಡಿ. ಅಪರೂಪದ ವಸ್ತು ನೂರಕ್ಕೆ ಒಂದು ಎಂದು ಬರೆದಿದ್ದರೆ, ನೂರು ಪೆಟ್ಟಿಗೆ ಕೊಂಡರೆ ಸಿಕ್ಕೇ ಸಿಗುತ್ತದೆಂದು ಹೆಚ್ಚಿನವರು ಓದಿಕೊಳ್ಳುತ್ತಾರೆ. ಕ್ಯಾಲ್ಕುಲೇಟರಿನಲ್ಲಿ 0.99ನ್ನು ಅದರಿಂದಲೇ ನೂರು ಬಾರಿಯಾಗುವವರೆಗೆ ಗುಣಿಸುತ್ತ ಹೋಗಿ; ಬರುವ ಉತ್ತರ 0.366. ನೂರೂ ಪೆಟ್ಟಿಗೆ ಕೊಂಡು ಬರಿಗೈಯಲ್ಲಿ ಉಳಿಯುವವರು ನೂರಕ್ಕೆ ಸುಮಾರು ಮೂವತ್ತೇಳು ಮಂದಿ.